ಅರ್ಧ ಟಿಕೆಟ್ಟು

ಮೊಣಕೈವರೆಗೂ ತೋಳು ರಾಶಿಯೊಳಗಿತ್ತು. ಒಳಗಿನ ಬಿಸಿ ಬೆರಳ ತುದಿಗೆ ತಾಗಿದ ಮೇಲೆ ಅವಳು ಅಲ್ಲೇ ಒಂದು ಕ್ಷಣ ತಡೆದು, ಒಂದು ಹಿಡಿ ಹಿಡಿದು, ಮೆಲ್ಲಗೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅಂಗೈಯಲ್ಲಿ ಬಂದದ್ದು ಹಿಂದೊಮ್ಮೆ ಯಾರದೋ ಮನೆಯ ತರಕಾರಿ ಸಿಪ್ಪೆ, ಯಾವುದೋ ಉದ್ಯಾನದ ಒಣಗಿದೆಲೆ, ಯಾವುದೋ ಹೋಟೆಲಿನಲ್ಲಿ ಯಾರೋ ತಿನ್ನದೆ ಬಿಟ್ಟ ಬ್ರೆಡ್ಡು ಆಗಿದ್ದಿರಬೇಕು. ಈಗ ಅದಕ್ಕೆ ಹೆಸರಿರಲಿಲ್ಲ. ಕಪ್ಪಗೆ, ಬೆಚ್ಚಗೆ, ಅರ್ಧ ಮಣ್ಣಾಗಿ, ಉಳಿದರ್ಧ ಏನಾಗಬೇಕೆಂದು ಇನ್ನೂ ಯೋಚಿಸುತ್ತಿರುವ ಹಾಗಿತ್ತು. ಹಿಂಡಿದಳು. ಬೆರಳ ಸಂದಿಯಲ್ಲಿ ನೀರು ಒಸರಿತು, ತೊಟ್ಟಿಕ್ಕಲಿಲ್ಲ. ತೇವ ಸರಿ. ಬಿಸಿಯೂ ಸರಿ. ಉಳಿದದ್ದು ಒಂದೇ. ಕಣ್ಣು ಮುಚ್ಚಿ, ಇಷ್ಟು ವರ್ಷ ಮಾಡಿಕೊಂಡು ಬಂದ ಹಾಗೇ, ಆ ಹಿಡಿಯನ್ನು ಮೂಗಿನ ಹತ್ತಿರ ತಂದು ನಿಧಾನವಾಗಿ ಉಸಿರೆಳೆದಳು. ಗಾಳಿ ಒಳಗೆ ಹೋಯಿತು. ಗಾಳಿಯ ಜೊತೆಗೆ ಏನೂ ಹೋಗಲಿಲ್ಲ. ಲೈನು ಕಡಿದುಹೋದ ಫೋನನ್ನು ಕಿವಿಗಿಟ್ಟುಕೊಂಡು, ಪಕ್ಕದಲ್ಲಿರುವವರಿಗಾಗಿ ಸುಮ್ಮನೆ ಹೂಂ ಹೂಂ ಅನ್ನುವವರ ಹಾಗೆ ಅವಳು ಒಂದೆರಡು ಸಲ ತಲೆಯಾಡಿಸಿದಳು. ಆಮೇಲೆ ಕಣ್ಣು ತೆರೆದು ಹಿಡಿಯನ್ನು ಪಕ್ಕದಲ್ಲಿ ನಿಂತಿದ್ದ, ಕೆಲಸ ಕಲಿಯಲು ಬಂದ ಹುಡುಗಿಯ ಅಂಗೈಗೆ ಸುರಿದಳು.

"ಏನನ್ನಿಸತ್ತೆ?"

ಹುಡುಗಿ ಮೂಸಿದಳು. ಒಂದು ಸಲ, ಮತ್ತೆ ಇನ್ನೊಂದು ಸಲ. ಆಮೇಲೆ ಗೊಬ್ಬರವನ್ನು ಬಿಟ್ಟು ಅವಳ ಮುಖವನ್ನು ನೋಡಿದಳು.

"ಗೊತ್ತಾಗ್ತಿಲ್ಲ ಅಕ್ಕಾ. ಸರಿ ಇದೆ ಅನ್ಸತ್ತೆ. ನೀವೇ ಹೇಳಿ."

"ನಾನು ಹೇಳೋದಾದ್ರೆ ನಿನ್ನನ್ನ ಯಾಕೆ ಕೇಳಲಿ?"

"ಅಂದ್ರೆ ಸರಿ ಇಲ್ವಾ?"

"ಇರಲಿ. ಸಾಯಂಕಾಲ ನೋಡೋಣ," ಎಂದು ಅವಳು ಕೈ ಕೊಡವಿಕೊಂಡಳು. ಮಾತು ಸಹಜವಾಗಿಯೇ ಬಂತು. ಇಂಥ ಮಾತುಗಳು ಈಗೀಗ ಬಹಳ ಸಹಜವಾಗಿ ಬರುತ್ತಿದ್ದವು. ಆದರೆ ಗೋಡೆ ಪಕ್ಕದ ಈ ರಾಶಿಯನ್ನು ನಾಳೆ ಜರಡಿ ಹಿಡಿಯಬೇಕು, ನಾಡಿದ್ದು ಸಸಿ ಬೆಳೆಸುವವರ ಲಾರಿ ಬರುತ್ತದೆ, ಮತ್ತು ಈ ಅಂಗಳದಲ್ಲಿ ಇದರ ಒಳಗೆ ಏನಾಗಿದೆ ಎಂದು ಹೇಳಬಲ್ಲವರು ಈ ಹೊತ್ತು ಯಾರೂ ಇಲ್ಲ ಎನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

ಬಿಸಿಗೆ ಮಾಪಕವಿದೆ, ಉದ್ದನೆಯ ಕಡ್ಡಿ, ಚುಚ್ಚಿದರೆ ಮುಳ್ಳು ಏರುತ್ತದೆ. ಹುಳಿಗೆ ಇಲ್ಲ. ಇದೆಯಂತೆ, ಈಗ ಈ ಅಂಗಳ ನಡೆಸುವ ಅಣ್ಣನ ಮಗ ಹೇಳಿದ್ದ, ಆ ಯಂತ್ರ ತರುವಷ್ಟು ದುಡ್ಡಿದ್ದರೆ ನಾನು ಗೊಬ್ಬರ ಯಾಕೆ ಮಾಡಲಿ ಎಂದು ನಕ್ಕಿದ್ದ. ರಾಶಿಯ ಹೊಟ್ಟೆಗೆ ಗಾಳಿ ಹೋಗದಿದ್ದರೆ ಅದು ಒಳಗೊಳಗೇ ಹುಳಿ ಬರುತ್ತದೆ. ಮೇಲೆ ನೋಡಿದರೆ ಚಿನ್ನದಂಥ ಗೊಬ್ಬರ, ಹಾಕಿದರೆ ಎಳೆ ಬೇರು ಸುಟ್ಟುಹೋಗುತ್ತದೆ. ಅದನ್ನು ಹಿಡಿಯುವುದಕ್ಕೆ ಮೂಗೇ ಬೇಕು, ಅದೂ ಎಲ್ಲರ ಮೂಗಲ್ಲ. ಹುಳಿಯನ್ನು ಮುಚ್ಚಿಹಾಕುವಷ್ಟು ಬೇರೆ ವಾಸನೆಗಳು ಈ ತಗಡಿನ ಸೂರಿನ ಕೆಳಗಿವೆ. ಅಣ್ಣ ಇದ್ದಾಗ, ಊರಿನ ಕಸಕ್ಕೆ ಬೆಲೆಯಿದೆ ಎಂದು ಹೇಳುತ್ತ ತಿರುಗಿ ಎಲ್ಲರ ನಗೆಗೀಡಾಗುತ್ತಿದ್ದ ಕಾಲದಲ್ಲಿ, ಒಂದು ದಿನ ಅವಳ ಅಡುಗೆಮನೆಗೆ ಬಂದು ಕೂತಿದ್ದ. ಅವಳು ಹಾಲಿನ ಪಾತ್ರೆಯ ಮುಚ್ಚಳ ತೆಗೆದು, "ಇದು ಸಾಯಂಕಾಲಕ್ಕೆ ಕೆಡತ್ತೆ, ಈಗಲೇ ಕುಡಿದುಬಿಡು" ಎಂದಳು. ಅವನು ಕುಡಿಯದೆ ಸಾಯಂಕಾಲದವರೆಗೂ ಅಲ್ಲೇ ಕಾದ. ಹಾಲು ಒಡೆದಾಗ ಮಗು ಹುಟ್ಟಿದಷ್ಟು ಸಂತೋಷಪಟ್ಟು, "ನಿನ್ನ ಮೂಗು ಮನೇಲಿ ದಂಡ ಕಣೇ, ನಾಳೆಯಿಂದ ಬಾ" ಎಂದ. ಹಾಗೆ ಬಂದವಳು. ಕೆಲಸದವರು ಬೆನ್ನ ಹಿಂದೆ ಮೂಗಿನಮ್ಮ ಅನ್ನುತ್ತಾರೆಂದು ಗೊತ್ತಾದಾಗ ಸಿಟ್ಟು ಬರಲಿಲ್ಲ. ಮದುವೆಯಾಗಿ, ಮಗಳನ್ನು ಹೆತ್ತು, ಅವಳನ್ನೂ ಒಂದು ದಡ ಮುಟ್ಟಿಸಿದ ಮೇಲೂ ತನಗೆ ಅಂತ ಯಾರೂ ಒಂದು ಹೆಸರು ಕೊಟ್ಟಿರಲಿಲ್ಲ.

ಆ ಮೂಗು ಹೋದದ್ದು ಒಂದು ಜ್ವರದಲ್ಲಿ. ಏನೂ ದೊಡ್ಡದಲ್ಲದ ಜ್ವರ. ಗುಣವಾಗಿ ಎದ್ದ ಬೆಳಿಗ್ಗೆ ಸೋಪು ಮೂಸಿದಳು, ಕಾಫಿ ಪುಡಿಯ ಡಬ್ಬಿ ಮೂಸಿದಳು, ಗಂಡ ಬಿಚ್ಚಿಟ್ಟ ಅಂಗಿ ಮೂಸಿದಳು. ಅಂಗಿ ಬರೀ ಬಟ್ಟೆಯಾಗಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ ಮನುಷ್ಯ ಎದ್ದುಹೋಗಿ ಅವನ ಆಕಾರದ್ದೇ ಇನ್ನೇನನ್ನೋ ಅಲ್ಲಿಟ್ಟು ಹೋದ ಹಾಗಾಯಿತು. ಗುಟ್ಟಾಗಿ ಹೋಗಿ ತೋರಿಸಿದಾಗ ಡಾಕ್ಟರು, "ಬರಬಹುದು, ಬರದೆಯೂ ಇರಬಹುದು, ನಿಮ್ಮ ವಯಸ್ಸಿಗೆ ಕಣ್ಣು ಕಿವಿ ಹೋಗೋದಕ್ಕಿಂತ ವಾಸಿ ಅಲ್ವಾ" ಎಂದರು. ಗಂಡನಿಗೂ ಹೇಳಲಿಲ್ಲ. ಅಡುಗೆ ಇತ್ತೀಚೆಗೆ ಸಪ್ಪೆ ಎಂದು ಅವನು ಒಂದು ಸಲ ಅಂದ, ಆಮೇಲೆ ತಾನೇ ಉಪ್ಪು ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡ. ಎಲ್ಲಕ್ಕಿಂತ ಕೆಟ್ಟದ್ದು ಬಸ್ಸು. ದಿನವಿಡೀ ಕಸದಲ್ಲಿ ಕೆಲಸ ಮಾಡುವವಳು, ಮೊದಲಾದರೆ ತನ್ನ ಮೈ ಎಷ್ಟು ತೊಳೆದರೆ ಸಾಕು ಎಂದು ತನಗೇ ತಿಳಿಯುತ್ತಿತ್ತು. ಈಗ ಉಜ್ಜಿ ಉಜ್ಜಿ ಚರ್ಮ ಕೆಂಪಾದರೂ ತಿಳಿಯುವುದಿಲ್ಲ. ಒಂದು ಸಂಜೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಮುಂದಿನ ಸೀಟಿಗೆ ಹೋದಳು. ಕಿಟಕಿ ಬೇಕಾಗಿತ್ತೋ, ಇಳಿಯುವ ಜಾಗ ಹತ್ತಿರ ಬಂದಿತ್ತೋ. ಆದರೆ ಅವಳು ಇಳಿಯುವಾಗಲೂ ಆ ಹೆಂಗಸು ಅಲ್ಲೇ ಕೂತಿದ್ದಳು. ಅವತ್ತಿನಿಂದ ಅವಳು ಬಸ್ಸಿನ ಹಿಂದಿನ ಬಾಗಿಲ ಹತ್ತಿರ, ಗಾಳಿ ಬರುವಲ್ಲಿ, ನಿಂತೇ ಹೋಗುತ್ತಾಳೆ.

"ಅತ್ತೇ, ಒಂದು ನಿಮಿಷ ಬರ್ತೀರಾ?"

ಅಣ್ಣನ ಮಗ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಆಫೀಸು ಎಂದರೆ ಒಂದು ಕೋಣೆ, ಒಂದು ಮೇಜು, ಅಪ್ಪನ ಫೋಟೋ, ಅದರ ಕೆಳಗೆ ಅಪ್ಪನಿಗಿಂತ ಬೇಗ ಮುದುಕನಾಗುತ್ತಿರುವ ಮಗ. ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು ಅವನು ಮೇಜಿನ ಅಂಚಿಗೆ ಕೂತ.

"ಮೂರು ಗಂಟೆಗೆ ಆ ಸರ್ಕಾರಿ ತರಬೇತಿ ಯೋಜನೆಯ ಮೇಡಂ ಬರ್ತಾರೆ. ಹುಡುಗೀದು ವರ್ಷ ಮುಗೀತಲ್ಲ, ನಿಮ್ಮನ್ನೇ ಕೇಳ್ತಾರೆ, ಕಲಿತಳೋ ಇಲ್ವೋ ಅಂತ."

"ಕೇಳಲಿ."

"ಏನು ಹೇಳ್ತೀರಿ?"

"ನೀನೇನು ಹೇಳು ಅಂತೀಯ?"

ಅವನು ಕತ್ತು ಕೆರೆದುಕೊಂಡ. "ನೋಡಿ ಅತ್ತೆ, ಕಲಿತಳು ಅಂದ್ರೆ ನಾಳೆಯಿಂದ ಅವಳ ಸಂಬಳ ಪೂರ್ತಿ ನನ್ನ ತಲೆ ಮೇಲೆ. ಸರ್ಕಾರದ ಅರ್ಧ ನಿಂತುಹೋಗತ್ತೆ. ನಂಗೆ ಆಗಲ್ಲ. ಅವಳನ್ನ ಕಳಿಸಿ ಇನ್ನೊಬ್ಬರನ್ನ ತಗೋಬೇಕು, ಹೊಸಬರಿಗೆ ಮತ್ತೆ ಅರ್ಧ ಕೊಡ್ತಾರೆ. ಇನ್ನೂ ಕಲಿತಿಲ್ಲ ಅಂದ್ರೆ ಅವಳಿಗೇ ಇನ್ನೊಂದು ಆರು ತಿಂಗಳು ಮುಂದುವರಿಸ್ತಾರೆ. ಅವಳೂ ಇರ್ತಾಳೆ, ನಮ್ಮ ಕೆಲಸಾನೂ ಆಗತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಆರು ತಿಂಗಳಾದ ಮೇಲೆ?"

"ಆರು ತಿಂಗಳಾದ ಮೇಲೆ ದೇವರಿದ್ದಾನೆ. ಸರ್ಕಾರ ಹೀಗೇ, ಹಸಿರು ಕೆಲಸ, ಎಳೇ ಕೈಗಳು ಅಂತ ಮೂಗಿಗೆ ತುಪ್ಪ ಸವರತ್ತೆ. ನೆಕ್ಕೋಷ್ಟು ದಿನ ನೆಕ್ಕೋಣ." ಆಮೇಲೆ ದನಿ ತಗ್ಗಿಸಿ, "ಸುಳ್ಳೇನೂ ಹೇಳಬೇಕಾಗಿಲ್ಲವಲ್ಲ ಅತ್ತೆ. ಆ ನರ್ಸರಿಯವರ ವಿಷಯ ಆಯ್ತಲ್ಲ, ಅದನ್ನೇ ಹೇಳಿದ್ರೆ ಸಾಕು," ಎಂದ.

ಮೂಗಿಲ್ಲದವಳ ಮುಂದೆ ಲೋಕ ಎಷ್ಟು ಸಲ ಮೂಗಿನ ಮಾತಾಡುತ್ತದೆ ಎಂದು ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ನರ್ಸರಿಯವರ ವಿಷಯ.

ಹುಡುಗಿ ಬಂದ ಹೊಸದರಲ್ಲಿ ರಾಶಿ ಎತ್ತಿ ಮಗುಚುವ ಲೋಡರ್ ಓಡಿಸುವ ಡ್ರೈವರು ಅವಳಿಗೆ ಅರ್ಧ ಟಿಕೆಟ್ಟು ಎಂದು ಹೆಸರಿಟ್ಟಿದ್ದ. "ಅರ್ಧ ಸಂಬಳ ಸರ್ಕಾರದ್ದು, ಅರ್ಧ ನಮ್ಮ ಯಜಮಾನರದ್ದು. ಹಾಗಾದ್ರೆ ಊಟದ ತನಕ ನೀನು ಸರ್ಕಾರಿ ನೌಕರಿಯೋಳು, ಆಮೇಲೆ ನಮ್ಮೋಳು, ಅಲ್ವೇನಮ್ಮ?" ಹುಡುಗಿಯೂ ಬಿಡದೆ, "ಹಾಗಾದ್ರೆ ಬೆಳಿಗ್ಗೆ ಹೊತ್ತು ನನಗೆ ನಮಸ್ಕಾರ ಹೊಡೀರಿ ಅಣ್ಣಾ" ಎಂದಿದ್ದಳು. ಪರಿಸರದ ವಿಷಯ ಓದಿಕೊಂಡು ಬಂದವಳು, ಕೈಗವಸು ಹಾಕಿಕೊಂಡೇ ಗೊಬ್ಬರ ಮುಟ್ಟುತ್ತಿದ್ದಳು. ಮೊದಲ ವಾರ ಅವಳು ಹುಡುಗಿಗೆ ಒಂದು ಹಿಡಿ ಕೊಟ್ಟು "ಏನನ್ನಿಸತ್ತೆ?" ಎಂದು ಕೇಳಿದ್ದು ಕಲಿಸುವುದಕ್ಕಲ್ಲ, ಜ್ವರ ಬಿಟ್ಟು ಆಗಲೇ ಬಹಳ ದಿನವಾಗಿ, ದಿಕ್ಕು ತೋಚದೆ, ಕುರುಡರು ದಾರಿಹೋಕರನ್ನು ಬಸ್ಸಿನ ನಂಬರು ಕೇಳುವ ಹಾಗೆ ಕೇಳಿದ್ದು. ಹುಡುಗಿ ಗವಸು ತೆಗೆದು, ಮೂಸಿ, ಹಣೆ ಗಂಟಿಕ್ಕಿ, "ಹಳೇ ಪುಸ್ತಕ. ಅಲ್ಲ, ಪುಸ್ತಕಕ್ಕೆ ನೀರು ಬಿದ್ದು ಒಣಗಿದ್ರೆ ಬರತ್ತಲ್ಲ, ಅದು" ಎಂದಳು. ಅದೇ. ಇನ್ನೊಂದು ವಾರಕ್ಕೆ ಹಣ್ಣಾಗುವ ರಾಶಿಯ ವಾಸನೆ ಅದೇ, ಅದಕ್ಕೆ ತಾನು ಇಷ್ಟು ವರ್ಷ ಹುಡುಕಿ ಸಿಗದ ಮಾತು ಅದೇ. ಅವತ್ತಿನಿಂದ ಪ್ರತಿ ರಾಶಿಯ ಮುಂದೂ ತಾನು ಕಣ್ಣು ಮುಚ್ಚಿ ಮೂಸುವ ನಾಟಕ, ಆಮೇಲೆ ಪ್ರಶ್ನೆ, ಆಮೇಲೆ ಹುಡುಗಿಯ ಉತ್ತರ, ಅದನ್ನು ಕೇಳಿ ತೂಗಿದ ಹಾಗೆ ತಾನು ಸುಮ್ಮನಿದ್ದು ತೀರ್ಪು ಕೊಡುವುದು. ಹಿಂದಿನ ಸಲ ಬಂದಾಗ ಯೋಜನೆಯ ಮೇಡಂ ಇದನ್ನು ನೋಡಿ, ಹೇಳಿಕೊಡದೆ ಕೇಳಿ ಕಲಿಸುತ್ತೀರಲ್ಲ, ಇದಪ್ಪಾ ಕಲಿಸುವ ರೀತಿ ಎಂದು ಹೊಗಳಿದ್ದರು. ಹುಡುಗಿ ಹೆಮ್ಮೆಯಿಂದ ತಲೆಯಾಡಿಸಿದ್ದಳು. ತನ್ನ ಮುಖ ಕೆಂಪಾದದ್ದನ್ನು ಎಲ್ಲರೂ ನಾಚಿಕೆ ಎಂದುಕೊಂಡರು.

ಆಮೇಲೆ ಆ ದಿನ. ಅಣ್ಣನ ಮಗ, ನರ್ಸರಿಯ ಯಜಮಾನ, ಡ್ರೈವರು, ಎಲ್ಲರೂ ರಾಶಿಯ ಸುತ್ತ ನಿಂತಿದ್ದರು. ಅವಳು ಇನ್ನೂ ಕೈ ಹಾಕಿರಲಿಲ್ಲ. ಹುಡುಗಿ, ಕೇಳುವ ಮೊದಲೇ, ಮಕ್ಕಳು ತರಗತಿಯಲ್ಲಿ ಕೈಯೆತ್ತುವ ಉತ್ಸಾಹದಲ್ಲಿ, "ಇದು ಹುಳಿ ಬಂದಿದೆ ಅಕ್ಕಾ" ಎಂದುಬಿಟ್ಟಳು. ನರ್ಸರಿಯ ಯಜಮಾನ ನಕ್ಕು, "ಏನಮ್ಮಾ, ನಿಮ್ಮ ಮೂಗಿಗೆ ಪಾಲುದಾರರು ಬಂದ್ರಾ?" ಎಂದ. ಅಷ್ಟೇ. ಅಷ್ಟಕ್ಕೇ ಅವಳೊಳಗೆ ಏನೋ ಎದ್ದು ನಿಂತಿತು. ಕೈ ಹಾಕಿ, ಹಿಂಡಿ, ಮೂಗಿಗೆ ಹಿಡಿದು, ಆ ಖಾಲಿಯೊಳಗಿನಿಂದ ಅವಳು ಹೇಳಿದಳು: "ಇಲ್ಲ. ಸರಿಯಾಗಿದೆ. ನಿನ್ನ ಮೂಗು ಇನ್ನೂ ಪಳಗಿಲ್ಲ." ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಅವಳೇ ಒಂದು ಗಳಿಗೆ ನಂಬಿದಳು. ಸಸಿಗಳು ಹಳದಿಯಾಗಿ ಬಿದ್ದುಕೊಂಡವು, ಗೊಬ್ಬರ ವಾಪಸು ಬಂತು, ಅಣ್ಣನ ಮಗ ಸರಿಯಿದ್ದದ್ದು ಹೇಗೆ ಕೆಟ್ಟಿತು ಎಂದು ಕೂಗಾಡಿದ. ಅವಳು ಬಾಯಿ ತೆರೆಯುವ ಮೊದಲೇ, ಅಥವಾ ತೆರೆಯಲು ಅವಳು ತಡಮಾಡಿದ್ದರಿಂದ, ಹುಡುಗಿ, "ಸಾರ್, ಅದನ್ನ ತಿರುವಿಸಿದ್ದು ನಾನು, ನಾನೇ ಸರಿಯಾಗಿ ಮಾಡಿಲ್ಲ" ಎಂದಳು. ಕಾಪಾಡಲು ಹೇಳಿದ್ದಲ್ಲ. ನಂಬಿ ಹೇಳಿದ್ದು. ಮೂಗಿನಮ್ಮ ಸರಿ ಎಂದ ಮೇಲೆ ರಾಶಿ ಸರಿಯಾಗಿಯೇ ಇತ್ತು. ಆಮೇಲೆ ತಾನೇ ಏನೋ ಕೆಡಿಸಿರಬೇಕು ಎಂದು ಹುಡುಗಿಯ ನಂಬಿಕೆ. ಅವತ್ತಿನಿಂದ ಹುಡುಗಿ ಮೂಸಿದ ಮೇಲೆ ಗೊಬ್ಬರವನ್ನು ನೋಡುವುದಿಲ್ಲ, ಅವಳ ಮುಖ ನೋಡುತ್ತಾಳೆ. ತನಗೆ ಉಳಿದಿದ್ದ ಒಂದು ಮೂಗನ್ನೂ ಅವಳು ತನ್ನ ಕೈಯಾರೆ ಕೊಯ್ದುಹಾಕಿದ್ದಳು.

ಊಟದ ಹೊತ್ತಿಗೆ ಕೈ ತೊಳೆಯುವ ನಲ್ಲಿಯ ಹತ್ತಿರ ಹುಡುಗಿ ಕಾದುಕೊಂಡು ನಿಂತಿದ್ದಳು.

"ಅಕ್ಕಾ, ಮೇಡಂ ಬರ್ತಾರಂತೆ. ಇನ್ನೂ ಕಲಿತಿಲ್ಲ ಅಂತಾನೇ ಹೇಳಿಬಿಡಿ."

"ಯಾರು ಹೇಳಿಕೊಟ್ರು ನಿಂಗೆ? ನಮ್ಮ ಹುಡುಗನಾ?"

"ಯಾರೂ ಇಲ್ಲ. ಕಲಿತಳು ಅಂದ್ರೆ ನನ್ನನ್ನ ಕಳಿಸ್ತಾರೆ ಅಂತ ಎಲ್ಲರಿಗೂ ಗೊತ್ತು." ನಲ್ಲಿಯ ನೀರಿಗೆ ಕೈಯೊಡ್ಡಿ, ಉಗುರಿನ ಕಪ್ಪನ್ನು ಇನ್ನೊಂದು ಉಗುರಿನಿಂದ ತೆಗೆಯುತ್ತ, "ನಮ್ಮಕ್ಕನ ಮನೇಲಿ ಇದ್ದೀನಿ. ನಮ್ಮ ಭಾವ ಏನೂ ಅನ್ನಲ್ಲ, ದಿನಾ ಸಾಯಂಕಾಲ ಕೆಲಸ ಹೇಗಿದೆ ಅಂತ ಕೇಳ್ತಾರೆ, ಅಷ್ಟೇ. ಅದು ಬೈಗುಳಕ್ಕಿಂತ ಜಾಸ್ತಿ," ಎಂದಳು. ಆಮೇಲೆ ಬಹಳ ಸಾಧಾರಣವಾಗಿ, ಹವೆಯ ಬಗ್ಗೆ ಹೇಳುವವರ ಹಾಗೆ, "ಸುಳ್ಳಲ್ಲವಲ್ಲ ಅಕ್ಕಾ. ನಂಗೆ ನಿಜವಾಗ್ಲೂ ಬರ್ತಿಲ್ಲ. ಮೊದಮೊದಲು ಬರತ್ತೆ ಅನ್ಕೊಂಡಿದ್ದೆ," ಎಂದಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹುಡುಗಿಯ ಮುಖದಲ್ಲಿ ಅವಳು ಆರೋಪವನ್ನು ಹುಡುಕಿದಳು. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎಲ್ಲರಿಗೂ ಒಳ್ಳೆಯದಾಗುವ ಸುಳ್ಳು ಇದು, ಅವಳು ಊಟದ ಡಬ್ಬಿಯ ಮುಂದೆ ಕೂತು ಲೆಕ್ಕಹಾಕಿದಳು. ಅಣ್ಣನ ಮಗನಿಗೆ ಅರ್ಧ ಸಂಬಳ ಉಳಿಯುತ್ತದೆ. ಹುಡುಗಿಯ ಭಾವನಿಗೆ ಸಂಜೆ ಉತ್ತರ ಸಿಗುತ್ತದೆ. ತನಗೆ ಪಕ್ಕದಲ್ಲಿ ಒಂದು ಮೂಗು, ಹೆದರಿದ್ದಾದರೂ, ಉಳಿಯುತ್ತದೆ. ಇಷ್ಟು ಜನಕ್ಕೆ ಅನುಕೂಲವಾಗುವಾಗ ಕೆಡುವುದು ಒಂದೇ ಒಂದು: ಈ ವಿದ್ಯೆ ತನಗೆ ಬರುತ್ತದೆ ಎಂದು ಈ ಹುಡುಗಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಅದು ಯಾರ ಕಣ್ಣಿಗೂ ಕಾಣುವ ನಷ್ಟವಲ್ಲ. ಅವಳು ಇನ್ನೂ ಎರಡು ತುತ್ತು ತಿಂದಳು. ರುಚಿಯಿಲ್ಲದ್ದನ್ನು ನುಂಗುವುದು ಈಗ ಅಭ್ಯಾಸವಾಗಿತ್ತು.

ಯೋಜನೆಯ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅವಳದೇ ವಯಸ್ಸು, ಇಸ್ತ್ರಿ ಮಾಡಿದ ಬಟ್ಟೆ, ಅಂಗಳದ ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಆರಿಸಿಕೊಂಡು ನಡೆಯುವ ಬೂಟು. ಅಣ್ಣನ ಮಗ ಅವಳ ಕಿವಿಯಲ್ಲಿ, "ಸೆಂಟು ಹೇಗೆ ಹೊಡೀತಿದೆ ನೋಡಿ ಅತ್ತೆ, ಇವತ್ತು ರಾಶಿಗೇ ತಲೆನೋವು ಬರತ್ತೆ" ಎಂದ. "ಹೌದು ಹೌದು," ಎಂದು ಅವಳೂ ಮೂಗು ಮುರಿದಳು. ಎಷ್ಟು ಚೆನ್ನಾಗಿ ಮಾಡುತ್ತೇನೆ ಎನಿಸಿತು.

"ಒಂದು ಸಲ ಮಾಡಿ ತೋರಿಸಲಿ," ಎಂದರು ಮೇಡಂ. "ಮಾತಿಗಿಂತ ಕಣ್ಣಾರೆ ನೋಡಿದ್ರೆ ನನಗೂ ಸಮಾಧಾನ. ಯಾವ ರಾಶಿಯಾದ್ರೂ ಸರಿ."

ಯಾರು ಯಾಕೆ ಆರಿಸಿದರೋ, ಎಲ್ಲರೂ ಗೋಡೆ ಪಕ್ಕದ ರಾಶಿಯ ಮುಂದೆ ಬಂದು ನಿಂತರು. ಹುಡುಗಿ ತೋಳು ಮಡಚಿ ಮೊಣಕೈವರೆಗೂ ಕೈ ತೂರಿಸಿದಳು. ತನ್ನದೇ ಭಂಗಿ, ತನ್ನ ಹಾಗೇ ಎಡಗಾಲು ಒಂದಿಷ್ಟು ಮುಂದೆ. ಇದನ್ನು ಯಾವಾಗ ಕಲಿತಳು, ಎಂದು ಅವಳು ನೋಡುತ್ತ ನಿಂತಳು. ಹುಡುಗಿ ಹಿಂಡಿದಳು, ಮೂಸಿದಳು. ಒಂದು ಗಳಿಗೆ ಹುಡುಗಿಯ ಮೂಗಿನ ಹೊಳ್ಳೆ ಅರಳಿ ತುಟಿ ಬಿಗಿಯಿತು, ಅಷ್ಟರಲ್ಲಿ ಕಣ್ಣು ತೆರೆದು ಸೀದಾ ಅವಳ ಮುಖಕ್ಕೆ ಬಂದುನಿಂತಿತು. ನಾಯಿಮರಿ ಬಾಗಿಲನ್ನು ನೋಡುವ ಹಾಗೆ.

"ಏನು? ಹೇಳಮ್ಮ," ಎಂದರು ಮೇಡಂ.

"ಅದು... ಅಕ್ಕನ್ನೇ ಕೇಳಿ ಮೇಡಂ. ನನಗೆ ಅಷ್ಟು..."

ಅಣ್ಣನ ಮಗ ನೆಲ ನೋಡಿದ. ಎಲ್ಲವೂ ಅವನು ಬಯಸಿದ ಹಾಗೇ ಆಗುತ್ತಿತ್ತು. ಅದಕ್ಕೆ ಅವನಿಗೇ ನಾಚಿಕೆಯಾದಂತಿತ್ತು. ಅವಳು ಏನೂ ಹೇಳದಿದ್ದರೆ ಸಾಕಿತ್ತು, ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಆ ಕಣ್ಣು ತನ್ನ ಮುಖದ ಮೇಲೆ ಹರಿದಾಡುವುದು, ಇಲ್ಲದ್ದನ್ನು ಅಲ್ಲಿ ಓದುವುದು, ತಡೆಯಲಾಗಲಿಲ್ಲ. ಖಾಲಿ ಡಬ್ಬಿಯನ್ನು ಯಾರೋ ಮತ್ತೆ ಮತ್ತೆ ತೆರೆದು ನೋಡಿದ ಹಾಗಾಗುತ್ತಿತ್ತು. ಅವಳು ತಿರುಗಿದಳು. ಯೋಚಿಸಿ ಮಾಡಿದ್ದಲ್ಲ. ರಾಶಿಗೂ ಹುಡುಗಿಗೂ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ನಿಂತಳು. ಗೋಡೆಯ ಬಿರುಕಿನಲ್ಲಿ ಒಂದು ಪುಟ್ಟ ಗಿಡ ಹುಟ್ಟಿತ್ತು.

"ಈಗ ಹೇಳು," ಎಂದಳು ಗೋಡೆಗೆ.

"ಅಕ್ಕಾ?"

"ನನ್ನ ಮುಖದಲ್ಲಿ ಏನೂ ಬರೆದಿಲ್ಲ. ಕೈಯಲ್ಲಿರೋದನ್ನ ಮೂಸಿ ಹೇಳು."

ಹಿಂದಿನಿಂದ ಮತ್ತೆ ಉಸಿರೆಳೆದ ಸದ್ದು. ಆಮೇಲೆ ಹುಡುಗಿಯ ದನಿ, ಸಣ್ಣದಾಗಿ, ಆದರೆ ಅಲುಗದೆ: "ಹುಳಿ. ಮೇಲಲ್ಲ, ಒಳಗೆ. ಒದ್ದೆ ಬಟ್ಟೇನ ಮುಚ್ಚಿಟ್ಟ ಹಾಗೆ, ಅದರ ಮೇಲೆ ಹುಳಿ. ಗಾಳಿ ಹೋಗಿಲ್ಲ. ತಿರುವಿ ಒಣಗಿದೆಲೆ ಹಾಕಬೇಕು. ಇದನ್ನ ನಾಡಿದ್ದು ಕೊಡೋಕಾಗಲ್ಲ."

"ಸರಿನಾ ಅಮ್ಮ?" ಎಂದು ಮೇಡಂ ಅವಳನ್ನು ಕೇಳಿದರು.

"ಸರಿ," ಎಂದಳು. ತನಗೆ ಗೊತ್ತಿಲ್ಲದ್ದನ್ನು ಅವಳು ಇಷ್ಟು ದಿನ ಎಷ್ಟೋ ಸಲ ಸರಿ ಎಂದಿದ್ದಳು. ಇನ್ನೊಬ್ಬರನ್ನು ನಂಬಿ ಸರಿ ಎಂದದ್ದು ಇದೇ ಮೊದಲು, ಕಾಲು ನೆಲಕ್ಕೆ ತಾಗಿದ ಹಾಗಾಯಿತು.

"ನೋಡೇಬಿಡೋಣ ಬಿಡಿ," ಎಂದು ಡ್ರೈವರು ಆಗಲೇ ಲೋಡರಿಗೆ ಹತ್ತಿದ್ದ. "ಅರ್ಧ ಟಿಕೆಟ್ಟು ಹೇಳಿದ್ದು ಪೂರ್ತಿ ನಿಜಾನೋ ಅರ್ಧ ನಿಜಾನೋ!" ಲೋಡರಿನ ಬಾಯಿ ರಾಶಿಯ ಬುಡಕ್ಕೆ ಹೋಗಿ ಮೇಲೆತ್ತಿತು. ಹೊಟ್ಟೆ ಬಿಚ್ಚಿತು. ಒಳಗಿನಿಂದ ಹಬೆ ಎದ್ದಿತು. ಅವಳು ತಿರುಗಿ ನೋಡಿದಾಗ ಒಳಗೆಲ್ಲ ಮುದ್ದೆಯಾಗಿ, ಬೂದುಗಪ್ಪಾಗಿ ಕಂಡಿತು. ಹುಡುಗಿ ಹೇಳಿದ್ದು ಪೂರ್ತಿ ನಿಜವಾಗಿತ್ತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಹಾಗೇ ನಿಂತುಬಿಟ್ಟಳು, ಬಾಯಿ ಅರೆತೆರೆದು, ಸಣ್ಣಗೆ ನಗುತ್ತ, ಹಬೆಯ ಎದುರಿಗೇ.

ಆಮೇಲೆ ಸುತ್ತ ನೋಡಿದಳು. ಮೇಡಂ ಕರವಸ್ತ್ರವನ್ನು ಮುಖಕ್ಕೊತ್ತಿಕೊಂಡು ಗೇಟಿನ ಕಡೆ ಹೆಚ್ಚುಕಡಿಮೆ ಓಡುತ್ತಿದ್ದರು. ಅಣ್ಣನ ಮಗ ತೋಳಿನಲ್ಲಿ ಮೂಗು ಹುದುಗಿಸಿಕೊಂಡಿದ್ದ. ಮೇಲೆ ಕೂತ ಡ್ರೈವರು ಕೊರಳ ಬಟ್ಟೆಯನ್ನು ಕಣ್ಣಿನವರೆಗೂ ಎಳೆದುಕೊಂಡು ಏನೋ ಬೈಯುತ್ತಿದ್ದ. ಇಡೀ ಅಂಗಳದಲ್ಲಿ ಬರಿ ಮುಖದಲ್ಲಿ ನಿಂತವಳು ಅವಳೊಬ್ಬಳೇ. ಅವಳು ಅವಸರವಾಗಿ ತಲೆಗೆ ಕಟ್ಟಿದ್ದ ಬಟ್ಟೆಯ ಅಂಚನ್ನು ಎಳೆದು ಮೂಗು ಮುಚ್ಚಿಕೊಂಡಳು. ತಡವಾಗಿತ್ತು. ಹುಡುಗಿ, ಮುಚ್ಚಿಕೊಂಡ ಕೈಯ ಮೇಲಿನಿಂದ, ಎರಡೇ ಕಣ್ಣಾಗಿ, ಅವಳನ್ನೇ ನೋಡುತ್ತಿದ್ದಳು.

ಗೇಟಿನಾಚೆಯಿಂದ ಮೇಡಂ ಕೂಗಿ ಹೇಳಿದರು: "ನಾನು ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ ಅಮ್ಮಾ. ಮುಗೀತು ಅಂತಲೋ, ಮುಂದುವರಿಸಿ ಅಂತಲೋ, ಒಂದೇ ಮಾತು ಹೇಳಿ ಸಾಕು. ನಿಮ್ಮ ಮಾತೇ ಕೊನೆ." ಅಣ್ಣನ ಮಗ ಅವರನ್ನು ಕಾರಿನವರೆಗೆ ಬಿಟ್ಟು ಬಂದು, "ಬಚಾವಾದ್ವಿ. ಆ ಹುಳಿ ನಾತದಲ್ಲಿ ಹುಡುಗಿ ಸರಿಯಾಗಿ ಹೇಳಿದ್ದು ಅವರ ತಲೆಗೇ ಹೋಗಿಲ್ಲ. ಮುಂದುವರಿಸಿ ಅಂದುಬಿಡಿ ಅತ್ತೆ," ಎಂದ. ಅವಳು ಕೈ ತೊಳೆಯಲು ನಲ್ಲಿಯ ಕಡೆ ನಡೆದಳು.

ಸಂಜೆ ಬಸ್ಸು ಖಾಲಿಯಿತ್ತು. ಅವಳು ರೂಢಿಯಂತೆ ಹಿಂದಿನ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಳು. ದಿನವೂ ಮುಂದೆ ಹೋಗಿ ಕೂರುವ ಹುಡುಗಿ ಇವತ್ತು ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತು, ತನ್ನ ಚೀಲವನ್ನು ಪಕ್ಕದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬನ್ನಿ ಎಂದು ಕರೆಯಲಿಲ್ಲ. ಜಾಗ ಮಾಡಿದಳು, ಅಷ್ಟೇ. ಎರಡು ನಿಲ್ದಾಣ ಕಳೆದ ಮೇಲೆ ಅವಳು ಹೋಗಿ ಕೂತಳು, ಅಂಚಿನಲ್ಲಿ, ಮೈ ತಾಗದ ಹಾಗೆ. ಅಂಗಡಿಗಳ ದೀಪ ಒಂದೊಂದಾಗಿ ಹತ್ತುತ್ತಿದ್ದವು. ಕೇಳಬಾರದೆಂದು ಬಾಯಿ ಬಿಗಿಹಿಡಿದಷ್ಟೂ ಮಾತು ಗಂಟಲಲ್ಲಿ ಬೆಳೆಯಿತು.

"ಒಂದು ಕೇಳ್ತೀನಿ," ಎಂದಳು ಕೊನೆಗೆ, ಮುಂದಿನ ಸೀಟಿನ ಬೆನ್ನನ್ನು ನೋಡುತ್ತ. "ನನ್ನ ಮೈ ವಾಸನೆ ಬರ್ತಿದೆಯಾ?"

ಹುಡುಗಿ ಉತ್ತರ ಕೊಡಲು ಅವಸರಪಡಲಿಲ್ಲ. ಅವಳ ಭುಜದ ಹತ್ತಿರ ಬಾಗಿ, ರಾಶಿಯ ಮುಂದೆ ಮಾಡುವ ಹಾಗೇ, ಕಣ್ಣು ಮುಚ್ಚಿ ಉಸಿರೆಳೆದಳು.

"ಸೋಪು," ಎಂದಳು. "ತುಂಬಾ ಸೋಪು. ಅದರ ಕೆಳಗೆ ಒಂಚೂರು ಒಣಗಿದೆಲೆ. ಅಷ್ಟೇ ಅಕ್ಕಾ."

ಬಸ್ಸು ಒಂದು ತಿರುವಿನಲ್ಲಿ ವಾಲಿದಾಗ ಇಬ್ಬರ ಭುಜ ತಾಗಿದವು, ಅವಳು ಸರಿಯಲಿಲ್ಲ.

"ಅವತ್ತಿನ ರಾಶಿ," ಎಂದಳು ಹುಡುಗಿ. "ನರ್ಸರಿಗೆ ಹೋಯ್ತಲ್ಲ. ಅದು ಹುಳಿ ಬಂದಿತ್ತಾ?"

"ಬಂದಿತ್ತು."

ಹುಡುಗಿ ಕಿಟಕಿಯ ಕಡೆ ತಿರುಗಿದಳು. ಕನ್ನಡಿಯಂತಾಗಿದ್ದ ಗಾಜಿನಲ್ಲಿ ಅವಳ ಮುಖ ದೀಪಗಳ ಮೇಲೆ ತೇಲುತ್ತಿತ್ತು. ಅಲ್ಲಿ ಬಂದು ಹೋದದ್ದು ಸಿಟ್ಟೋ, ಬಿಡುಗಡೆಯೋ, ತಿಳಿಯಲಿಲ್ಲ. ಮುಖ ಓದಿ ಉತ್ತರ ತಿಳಿಯುವ ಸರದಿ ಈಗ ತನ್ನದು ಎಂದುಕೊಂಡಳು. ತನ್ನ ನಿಲ್ದಾಣ ಬಂದಾಗ ಹುಡುಗಿ ಎದ್ದು, ಮೊಣಕಾಲು ಸರಿಸಿಕೊಂಡು ದಾರಿ ಕೊಟ್ಟವಳನ್ನು ನೋಡದೆಯೇ, "ಬರ್ತೀನಿ" ಎಂದಳು. ಅಕ್ಕಾ ಅನ್ನಲಿಲ್ಲ. ಇಳಿದು, ಚೀಲವನ್ನು ಹೆಗಲಿಗೇರಿಸಿ, ಒಮ್ಮೆಯೂ ಹಿಂದೆ ತಿರುಗದೆ ನಡೆದಳು. ಬೆನ್ನು ನೆಟ್ಟಗಿತ್ತು.

ಮನೆಯಲ್ಲಿ ಗಂಡ ದೀಪದ ಕೆಳಗೆ ಕೂತು ಕನ್ನಡಕ ಒರೆಸುತ್ತಿದ್ದ. ಅವಳು ಕೈಕಾಲು ತೊಳೆದು ಹಾಲನ್ನು ಒಲೆಯ ಮೇಲಿಟ್ಟು ಅದರ ಮುಂದೆಯೇ ನಿಂತಳು. ಸೀದರೆ ಗೊತ್ತಾಗುವುದಿಲ್ಲವಾದ್ದರಿಂದ ಈಗ ನಿಂತೇ ಕಾಯಿಸಬೇಕು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕೂಡಿಕೊಳ್ಳುತ್ತಿದ್ದವು. ಜರಡಿಯ ಹತ್ತಿರ ಒಬ್ಬರು ಬೇಕು ಎಂದು ಅಣ್ಣನ ಮಗ ಹೇಳುತ್ತಲೇ ಇದ್ದ, ಗೊಬ್ಬರದಲ್ಲಿ ಉಳಿದ ಗಾಜಿನ ಚೂರು, ಪ್ಲಾಸ್ಟಿಕ್ಕು ಆರಿಸುವುದಕ್ಕೆ. ಅದಕ್ಕೆ ಕಣ್ಣು ಮತ್ತು ಬೆರಳು ಸಾಕು. ಬೆಳಗಿನ ಹೊತ್ತು ಮಾತ್ರ ಸಾಕು. ಮಂಡಿ ನೋವು, ಇಡೀ ದಿನ ನಿಲ್ಲೋಕಾಗಲ್ಲ ಎಂದರೆ ಅವನು ನಂಬುತ್ತಾನೆ, ನಂಬಿ ಬೇಜಾರೂ ಮಾಡಿಕೊಳ್ಳುತ್ತಾನೆ. ಅವಳ ಸಂಬಳದಲ್ಲಿ ಅರ್ಧ ಕಡಿದರೆ, ಹುಡುಗಿಗೆ ಸರ್ಕಾರ ಕೊಡುತ್ತಿದ್ದದ್ದು ತುಂಬಿಯೂ ಸ್ವಲ್ಪ ಮಿಗುತ್ತದೆ. ಲೆಕ್ಕ ಅಷ್ಟು ಸುಲಭವಾಗಿತ್ತು, ಇಷ್ಟು ದಿನ ಕಾಣದಿದ್ದುದೇ ಆಶ್ಚರ್ಯ. ಬೆಳಿಗ್ಗೆ ಮೊದಲು ಅವನ ಕೋಣೆಗೆ ಹೋಗಬೇಕು, ಅವನು ಹೂಂ ಅಂದ ಮೇಲೆಯೇ ಫೋನು ಎತ್ತಬೇಕು. ಮುಗಿಯಿತು, ಕಲಿತಿದ್ದಾಳೆ, ಎಂದಷ್ಟೇ. ಆಮೇಲೆ ಡ್ರೈವರು ಹೊಸ ಹೆಸರಿಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ? ಹೊಸದೇನೂ ಬೇಕಾಗುವುದಿಲ್ಲ. ಹಳೆಯದನ್ನೇ ಹುಡುಗಿಯಿಂದ ಬಿಚ್ಚಿ ತನಗೆ ತೊಡಿಸುತ್ತಾನೆ. ಊಟದ ತನಕ ನಮ್ಮೋರು, ಆಮೇಲೆ ಯಾರೋ. ತನಗೆ ಯಾರಾದರೂ ಕೊಟ್ಟ ಎರಡನೆಯ ಹೆಸರು ಅದಾಗುತ್ತದೆ ಎಂದು ಅವಳಿಗೆ ಅರಿವಿಲ್ಲದೆ ನಗು ಬಂತು.

"ಏನು, ಒಬ್ಬಳೇ ನಗ್ತಿದ್ದೀಯ?" ಎಂದ ಗಂಡ ಅಲ್ಲಿಂದಲೇ.

"ಏನಿಲ್ಲ," ಎಂದಳು. ಹಾಲು ಉಕ್ಕಿ ಬಂದು ಅಂಚನ್ನು ಮುಟ್ಟುವ ಮೊದಲೇ ಒಲೆ ಆರಿಸಿದಳು.